ಮುಂದಿನದು ಎಂಗೇಜ್ ಆಗುತ್ತಿಲ್ಲ

ಮೊನ್ನೆ ಭಾನುವಾರ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಗ್ಯಾರೇಜಿನಲ್ಲಿ ಒಲೆ ಇಟ್ಟು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಯಾರದೋ ಕೈ ಜಾರಿ ಇಂಗು ಹೆಚ್ಚಾಯಿತು. ಇಂಗಿನ ವಾಸನೆ ಬಂದರೆ ಎಲ್ಲರಿಗೂ ಅಮ್ಮನ ಅಡುಗೆಮನೆ ನೆನಪಾಗುತ್ತದಂತೆ. ನನಗೆ ನೆನಪಾದದ್ದು ಗೇರ್ ಆಯಿಲ್. ನಗಬೇಡಿ. ಹಳೆಯ ಗಾಡಿಯ ಗೇರ್ ಆಯಿಲ್ ಒಮ್ಮೆ ಮೂಸಿ ನೋಡಿ, ಆಮೇಲೆ ಮಾತಾಡೋಣ. ಇಂಗಿನ ಜೊತೆ ಇನ್ನೊಂದು ಪದಾರ್ಥ ಕೊಳೆತಂತೆ ಇರುತ್ತದೆ. ಪೂಜೆಯ ಮನೆಯಲ್ಲಿ ಅದರ ಹೆಸರು ಬೇಡ.

ಆ ವಾಸನೆ ನನ್ನ ಕೈಗೆ ಮೊದಲು ಅಂಟಿದ್ದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ಒಂದು ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ವಂಶದಲ್ಲಿ ಬಿ.ಇ. ಮಾಡಿದವಳು ನಾನೇ ಮೊದಲು, ಅದೂ ಮೆಕ್ಯಾನಿಕಲ್. ಅಪ್ಪ ಹಿರಿಯೂರಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದರು, ಬಾಡಿಗೆಗೆ. ಅವರ ಮಗಳು ಮೆಷಿನ್ ಓದುತ್ತಾಳೆ ಅಂದರೆ ಬೀದಿಯವರಿಗೆ ಟೈಲರಿಂಗ್ ಮೆಷಿನ್ನೇ ಕಣ್ಣ ಮುಂದೆ ಬರುತ್ತಿತ್ತು. ಗಣಿತದಲ್ಲಿ ಡುಮ್ಕಿ ಹೊಡೆದು, ಮತ್ತೆ ಬರೆದು, ಮತ್ತೆ ಹೊಡೆದು ಪಾಸಾದ ಡಿಗ್ರಿ ಅದು. ಸುಲಭವಾಗಿ ಸಿಕ್ಕಿದ್ದರೆ ಇಷ್ಟು ಜಂಬ ಇರುತ್ತಿರಲಿಲ್ಲವೇನೋ. ಆದರೆ ಸಿಡ್ನಿಗೆ ಬಂದ ಮೇಲೆ ಆ ಜಂಬವನ್ನು ಮಡಿಚಿಟ್ಟು ಒಂದು ಗೋದಾಮಿನಲ್ಲಿ ಸ್ಕ್ಯಾನರ್ ಹಿಡಿದು ಡಬ್ಬ ಎಣಿಸುತ್ತಿದ್ದೆ.

ಅಂಥ ದಿನಗಳಲ್ಲಿ ಒಂದು ಹಳೆಯ ಯೂಟ್ ಕೊಂಡೆ. ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ಪನ್ನು ಇಲ್ಲಿಯವರು ಯೂಟ್ ಅನ್ನುತ್ತಾರೆ. ಅದರ ಬಣ್ಣ ಏನೆಂದು ಮಾರಿದವನಿಗೂ ಖಚಿತವಿರಲಿಲ್ಲ. ನನ್ನ ವಯಸ್ಸಿನ ಹುಡುಗಿಯರು ಪುಟ್ಟ ಬಿಳಿ ಕಾರು ಕೊಳ್ಳುವಾಗ ನಾನು ಇದನ್ನು ಕೊಂಡದ್ದಕ್ಕೆ ಕಾರಣವಿತ್ತು. ಊರಾಚೆ ಗುಡ್ಡದ ತೋಟಗಳಿಗೆ ನೀರಿನ ಪಂಪು ಕೂರಿಸುವ ಒಂದು ಸಣ್ಣ ಕಂಪನಿಗೆ ಇಂಜಿನಿಯರ್ ಬೇಕಾಗಿತ್ತು. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಗಾಡಿ ನಮ್ಮದೇ ಇರಬೇಕು ಎಂಬುದು ಅವರ ಷರತ್ತು. ಒಡತಿ ಗ್ಲೆನಿಸ್, ಅರವತ್ತು ದಾಟಿದ ಹೆಂಗಸು, ಫೋನಿನಲ್ಲೇ ಹೇಳಿದ್ದಳು: "ಸೋಮವಾರ ಬೆಳಿಗ್ಗೆ ಗುಡ್ಡದ ಮೇಲಿನ ಪಂಪ್ ಶೆಡ್ಡಿಗೆ ಬಾ. ಮೇಲೆ ಬಂದರೆ ಕೆಲಸ ನಿನ್ನದು. ಬರಲಾಗದಿದ್ದರೆ ನಾನು ಟ್ರಾಕ್ಟರ್ ತಂದು ಎಳೆಯುತ್ತೇನೆ, ಟೀ ಕೊಟ್ಟು ಕಳಿಸುತ್ತೇನೆ."

ಅದು ನನ್ನ ಡಿಗ್ರಿಯ ಹೆಸರಿನಲ್ಲಿ ಬಂದ ಮೊದಲ ಕರೆ. ಟೀ ಕುಡಿದು ಬರುವ ಮಾತೇ ಇರಲಿಲ್ಲ.

ಶುಕ್ರವಾರ ಸಂಜೆ ಗಾಡಿಯನ್ನು ಪರೀಕ್ಷಿಸೋಣವೆಂದು ಸ್ಕೋಫೀಲ್ಡ್ಸ್ ಕಡೆಗೆ ಹೋದೆ. ಹೊಸ ಮನೆಗಳಿಗೆಂದು ಅಗೆದುಹಾಕಿದ ಜೇಡಿಮಣ್ಣು, ಮೇಲೆ ಮಳೆ ಬಿದ್ದ ಕೆಸರು. ಲಿವರ್ ಎಳೆದೆ. ಮುಂದೆ 'ಫೋರ್ ವೀಲ್' ದೀಪ ಜಂಬದಿಂದ ಹೊತ್ತಿಕೊಂಡಿತು. ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಎರಡು ಚಕ್ರ ಕೆಸರು ಎರಚಿ ಗುಂಡಿ ತೋಡಿದವು. ಮುಂದಿನವು ಬೀಗರ ಮನೆಗೆ ಬಂದವರಂತೆ ಸುಮ್ಮನೆ ಕೂತಿದ್ದವು. ಪುಣ್ಯಕ್ಕೆ ಗುಂಡಿ ಆಳವಿರಲಿಲ್ಲ, ಹಿಂದಕ್ಕೆ ಜಗ್ಗಿಕೊಂಡು ಹೊರಬಂದೆ.

ಗಾಬರಿಯಲ್ಲಿ, ಬೀದಿಯಲ್ಲೇ ನಿಂತು, ಸಿಡ್ನಿಯ ನಮ್ಮ ಕನ್ನಡ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ. ಅದರ ಒಕ್ಕಣೆ ನನಗೆ ಇಂದಿಗೂ ಬಾಯಿಪಾಠ: "ಎಲ್ಲರಿಗೂ ನಮಸ್ಕಾರ. ಹಿಂದಿನದು ಸರಿಯಾಗಿದೆ, ಮುಂದಿನದು ಎಂಗೇಜ್ ಆಗ್ತಿಲ್ಲ. ಸ್ವಲ್ಪ ಹಳೇದು, ಆದರೆ ಬಾಡಿ ಗಟ್ಟಿ ಇದೆ. ಸೋಮವಾರದೊಳಗೆ ಬಗೆಹರೀಬೇಕು. ಅನುಭವ ಇರೋರು ದಯವಿಟ್ಟು ಸಹಾಯ ಮಾಡಿ." ಜೊತೆಗೆ ಗಾಡಿಯ ಫೋಟೋ ಕೂಡ ಕಳಿಸಿದ್ದೆ. ಸಿಗ್ನಲ್ ಇಲ್ಲದೆ ಫೋಟೋ ಹೋಗಲಿಲ್ಲ. ಮಾತು ಮಾತ್ರ ಹೋಯಿತು.

ಎಂಗೇಜ್‌ಮೆಂಟ್ ಎಂಬ ಪದಕ್ಕೆ ನಮ್ಮವರಲ್ಲಿ ಒಂದೇ ಅರ್ಥ: ಉಂಗುರ, ತಾಂಬೂಲ, ರೇಷ್ಮೆ ಸೀರೆ. ಮನೆಗೆ ಬಂದು ಫೋನ್ ನೋಡಿದರೆ ಗ್ರೂಪಿನಲ್ಲಿ ಹಬ್ಬ ನಡೆದಿತ್ತು. ಒಬ್ಬರು ಜಾತಕ ಕೇಳಿದ್ದರು. ಇನ್ನೊಬ್ಬರು, "ಹಳೇದು ಅಂತ ನಿಮ್ಮನ್ನ ನೀವೇ ಯಾಕೆ ಕರ್ಕೋತೀರಿ, ಮೂವತ್ತೊಂದೇನು ಮಹಾ ವಯಸ್ಸಲ್ಲ" ಎಂದು ಧೈರ್ಯ ಹೇಳಿದ್ದರು. ಅಂಕಲ್ ಒಬ್ಬರು ಮಾತ್ರ ನೇರವಾಗಿ ಕೇಳಿದ್ದರು: "ಹಿಂದಿನದು ಸರಿಯಾಗಿದ್ದರೆ ಮುಂದಿನದು ಯಾಕಮ್ಮ?"

ಉತ್ತರ ಕೊಡುವಷ್ಟು ಬಿಡುವಿರಲಿಲ್ಲ. ಶನಿವಾರ ಬೆಳಿಗ್ಗೆ ಹಿಂದಿನ ಚಕ್ರಗಳಿಗೆ ಇಟ್ಟಿಗೆ ಒತ್ತಿಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಗೇರ್ ಆಯಿಲ್ ಜಿನುಗುತ್ತಿದ್ದ ಗಾಡಿಯ ಕೆಳಗೆ ತೂರಿಕೊಂಡೆ. ಅಷ್ಟರಲ್ಲಿ ಎರಡು ಜೊತೆ ಕಾಲು ಬಂದು ನಿಂತವು. ಒಂದು ಜೊತೆಗೆ ಬೆಳ್ಳಿ ಕಾಲುಂಗುರ. ಇನ್ನೊಂದಕ್ಕೆ ಪಾಲಿಶ್ ಮಾಡಿದ ಬೂಟು.

"ಅಯ್ಯೋ ರಾಮ, ಹೆಣ್ಣು ಕೆಳಗಿದ್ಯಲ್ಲೋ!" ಎಂದಿತು ಕಾಲುಂಗುರ.

ಸ್ಕೋಫೀಲ್ಡ್ಸ್‌ನ ನಾಗರತ್ನ ಆಂಟಿ. ಸಿಡ್ನಿಯಲ್ಲಿ ಅವರು ಕುದುರಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ಬೂಟು ಅವರ ತಂಗಿಯ ಮಗ ಪ್ರವೀಣನದು. ಮೈಸೂರಿನ ಹುಡುಗ, ಮೆಲ್ಬರ್ನ್‌ನಲ್ಲಿ ಐಟಿ ಕೆಲಸ, ವಾರಾಂತ್ಯಕ್ಕೆ ಚಿಕ್ಕಮ್ಮನ... ಅಲ್ಲ, ದೊಡ್ಡಮ್ಮನ ಮನೆಗೆ ಬಂದಿದ್ದ. ಚಿಕ್ಕಮ್ಮ ಎಂದರೆ ಆಂಟಿಗೆ ಸಂತೋಷವಾಗುತ್ತಿತ್ತು, ಆದರೆ ಸತ್ಯ ಹೇಳಬೇಕಲ್ಲ.

"ಆಂಟಿ, ನಾನು ಹೇಳಿದ್ದು ಗಾಡಿ ವಿಷಯ" ಎಂದೆ, ಕೆಳಗಿನಿಂದಲೇ.

"ಗೊತ್ತು ಬಿಡಮ್ಮ, ಬಾಳಿನ ಗಾಡಿ. ಎರಡು ಚಕ್ರ ಇದ್ರೇನೇ ಓಡೋದು."

"ಎರಡು ಓಡ್ತಿವೆ ಆಂಟಿ. ನಾಲ್ಕು ಓಡ್ತಿಲ್ಲ."

ಆಂಟಿ ಗಾಡಿಯನ್ನು ನೋಡಿದರು, ನನ್ನ ಕೈಯ ಮಸಿ ನೋಡಿದರು, ಅವರಿಗೆ ಅರ್ಥವಾಯಿತು. ಪ್ರವೀಣನಿಗೂ ಅರ್ಥವಾಯಿತು. ಅವನು ಕೆಂಪಾಗಿ, "ದೊಡ್ಡಮ್ಮಾ, ಸೊಪ್ಪು ತರೋಕೆ ಅಂತ ಕರ್ಕೊಂಡ್ ಬಂದ್ರಲ್ಲ!" ಎಂದ.

"ಸೊಪ್ಪು ಎಲ್ಲಿಗೂ ಓಡಿಹೋಗಲ್ಲ. ಬಂದಿದೀಯ, ಆ ಮಗುಗೆ ಸ್ವಲ್ಪ ಸಹಾಯ ಮಾಡು."

ಅವನು ಮೊದಲು ಕೇಳಿದ್ದು, "ರೀಸ್ಟಾರ್ಟ್ ಮಾಡಿ ನೋಡಿದ್ರಾ?"

ನಾನು ಅವನ ಕೈಗೆ ಟಾರ್ಚ್ ಕೊಟ್ಟೆ. ವಿಷಯ ಸರಳವಾಗಿ ಹೇಳಿದೆ: ಲಿವರ್ ಎಳೆದರೆ ನಡುವಿನ ಪೆಟ್ಟಿಗೆಯೊಂದು ಇಂಜಿನ್ನಿನ ಬಲವನ್ನು ಮುಂದಕ್ಕೂ ಹಂಚುತ್ತದೆ. ಅಲ್ಲಿಂದ ಶಾಫ್ಟು, ಶಾಫ್ಟಿನಿಂದ ಚಕ್ರದ ನಡುವಿನ ಹಬ್ಬು. ಹಳೆಯ ಗಾಡಿಗಳಲ್ಲಿ ನಾವೇ ಕೆಳಗಿಳಿದು ಹಬ್ಬಿನ ಬಿರಡೆಯನ್ನು ಕೈಯಿಂದ ತಿರುಗಿಸಿ ಶಾಫ್ಟನ್ನೂ ಚಕ್ರವನ್ನೂ ಜೋಡಿಸಬೇಕು. ಈ ಸಾಲಿನಲ್ಲಿ ಎಲ್ಲೋ ಕೊಂಡಿ ತಪ್ಪಿದೆ.

"ಓ, ನೆಟ್‌ವರ್ಕಲ್ಲಿ ಡೇಟಾ ಪ್ಯಾಕೆಟ್ ಎಲ್ಲಿ ಡ್ರಾಪ್ ಆಗ್ತಿದೆ ಅಂತ ಹುಡುಕೋದು! ಅಷ್ಟೇ ತಾನೆ?" ಎಂದು ಅವನ ಮುಖ ಅರಳಿತು. ಅಷ್ಟೇ. ಹುಡುಗ ದಡ್ಡನಲ್ಲ.

ದೀಪ ಹೊತ್ತಿದೆ ಅಂದರೆ ನಡುವಿನ ಪೆಟ್ಟಿಗೆ ಮಾತು ಕೇಳಿದೆ. ಆಂಟಿ ಹಬ್ಬಿನ ಮೇಲಿನ ಅಕ್ಷರ ಓದಿದರು. "ಒಂದು ಕಡೆ ಫ್ರೀ, ಒಂದು ಕಡೆ ಲಾಕ್. ನೋಡು, ಗಾಡಿಗೂ ಬುದ್ಧಿ ಇದೆ! ಫ್ರೀಯಾಗಿ ಸುತ್ತೋರು ಮುಂದೆ ಹೋಗಲ್ಲ, ಲಾಕ್ ಆಗ್ಬೇಕು. ನಿಂಗೂ ಅದನ್ನೇ ಹೇಳ್ತಿರೋದು."

"ಲಾಕಿಗೇ ತಿರುಗಿಸಿದೀನಿ ಆಂಟಿ."

"ಮತ್ಯಾಕೆ ಹೀಗೆ?"

ಅದೇ ಪ್ರಶ್ನೆ. ಪ್ರವೀಣನನ್ನು ಕೆಳಗೆ ಮಲಗಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನು ಒಮ್ಮೆ ಅಂಗಿ ನೋಡಿದ, ಒಮ್ಮೆ ದೊಡ್ಡಮ್ಮನನ್ನು ನೋಡಿದ, ಮಲಗಿದ. ನಾನು ಚಕ್ರವನ್ನು ಕೈಯಿಂದ ತಿರುಗಿಸಿದೆ.

"ಒಳಗಿನ ಶಾಫ್ಟ್ ತಿರುಗ್ತಿದ್ಯಾ?"

"ಇಲ್ಲ ರೀ. ಅದು ಮಲಗಿದೆ. ನನ್ ಥರಾನೇ."

ಆಚೆ ಬದಿಯ ಚಕ್ರವನ್ನೂ ತಿರುಗಿಸಿದೆ. ಅಲ್ಲೂ ಅದೇ ಕಥೆ. ಅಂದರೆ ಬಿರಡೆ ಲಾಕ್ ಎಂದು ಹೇಳುತ್ತಿದೆ, ಒಳಗೆ ಲಾಕ್ ಆಗಿಲ್ಲ. ಪ್ಯಾಕೆಟ್ಟು ಹಬ್ಬಿನಲ್ಲೇ ಬಿದ್ದುಹೋಗುತ್ತಿತ್ತು. ಬೋಲ್ಟು ಬಿಚ್ಚಿ ಮುಚ್ಚಳ ತೆಗೆದೆ. ಮೂವರೂ ಬಗ್ಗಿ ನೋಡಿದೆವು.

ಒಳಗೆ ಗ್ರೀಸು. ಗ್ರೀಸೆಂದರೆ ಎಂಥ ಗ್ರೀಸು! ಒಬ್ಬಟ್ಟಿಗೆ ಹೂರಣ ತುಂಬಿದಂತೆ ಗಿಡಿದು ತುಂಬಿತ್ತು. ಲಾಕ್ ಆಗಲು ಸರಿಯಬೇಕಾದ ಉಂಗುರ ಆ ಜಿಡ್ಡಿನಲ್ಲಿ ಹೂತು ಮಿಸುಕಾಡದೆ ನಿಂತಿತ್ತು.

"ಯಾವ ಪುಣ್ಯಾತ್ಮ ರೀ ಇಷ್ಟು ತುಂಬಿದ್ದು?" ಎಂದ ಪ್ರವೀಣ.

ಪುಣ್ಯಾತ್ಮಳು ಪಕ್ಕದಲ್ಲೇ ಇದ್ದಳು. ಹಿಂದಿನ ವಾರ ಆಯುಧಪೂಜೆ. ಗಾಡಿ ತೊಳೆದು, ಹೂ ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅಷ್ಟಕ್ಕೆ ತೃಪ್ತಿಯಾಗದೆ ಹಬ್ಬುಗಳನ್ನೂ ಬಿಚ್ಚಿ ಗ್ರೀಸು ಮೆತ್ತಿದ್ದೆ. ನಮ್ಮ ಮನೆಯಲ್ಲಿ ಆ ಹಬ್ಬದ ದಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಸುರಿಯುವುದು ದೇವರಿಗೆ ಅಭಿಷೇಕ ಮಾಡಿದಷ್ಟೇ ಮುಖ್ಯ. "ಗಾಡಿಗೆ ಕೀಲೆಣ್ಣೆ, ಎತ್ತಿಗೆ ಹಿಂಡಿ, ಇವೆರಡರಲ್ಲಿ ಜಿಪುಣತನ ಮಾಡಬಾರದು ಮಗಾ" ಎನ್ನುತ್ತಿದ್ದರು ಅಪ್ಪ. ಎತ್ತಿನ ಗಾಡಿಗೆ ಆ ಮಾತು ಬಂಗಾರ. ಆ ಗಾಡಿಗೆ ಫೋರ್ ವೀಲ್ ಡ್ರೈವ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬಿ.ಇ. ಓದಿದ ತಲೆ ಅಂದು ರಜೆಯಲ್ಲಿತ್ತು. ಹಿರಿಯೂರಿನ ಕೈ ಕೆಲಸ ಮಾಡಿತ್ತು.

ಎರಡೂ ಹಬ್ಬುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆವು. ಸೋಮವಾರದ ಕೆಲಸದ ವಿಷಯ ಕೇಳಿ ಆಂಟಿ ಸೆರಗು ಸಿಕ್ಕಿಸಿ, ತಮ್ಮ ಕಾರಿನಲ್ಲಿದ್ದ ಹಳೆಯ ಟೂತ್ ಬ್ರಷ್ ತಂದು ಉಂಗುರ ತಿಕ್ಕಿದರು. ಒರೆಸಿ, ಬೆರಳ ತುದಿಯಷ್ಟು ಗ್ರೀಸು ಸವರಿ, ಮತ್ತೆ ಕೂರಿಸಿ ಬಿರಡೆ ತಿರುಗಿಸಿದೆ. 'ಟಕ್' ಎಂದಿತು. ಚಕ್ರ ತಿರುಗಿಸಿದೆ. ಕೆಳಗಿನಿಂದ ಪ್ರವೀಣ ಕೂಗಿದ: "ತಿರುಗ್ತಿದೆ! ತಿರುಗ್ತಿದೆ ರೀ!" ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡಸರು ಕೂಗುವುದು ಹಾಗೆ. ಎದ್ದು ನಿಂತಾಗ ಅವನ ಅಂಗಿಯ ಬೆನ್ನು ಪೂರ್ತಿ ಕಪ್ಪು. ಆಂಟಿ ಮಾತ್ರ ಅದನ್ನು ನೋಡಿ ನಕ್ಕ ರೀತಿ ನನಗೆ ಹಿಡಿಸಲಿಲ್ಲ.

ಭಾನುವಾರ ಇಡೀ ಮಳೆ ಹೊಯ್ಯಿತು.

ಸೋಮವಾರ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿದೆ. ದಾರಿ ಎಂಬುದು ಕೆಂಪು ಪಾಯಸದಂತೆ ಇಳಿಯುತ್ತಿತ್ತು. ಕೆಳಗಿಳಿದು ಎರಡೂ ಹಬ್ಬು ಲಾಕ್ ಮಾಡಿದೆ. ಲಿವರ್ ಎಳೆದೆ. ದೀಪವನ್ನು ನಂಬುವ ಕಾಲ ಮುಗಿದಿತ್ತು; ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ಚಕ್ರವನ್ನೇ ನೋಡುತ್ತ ನಿಧಾನವಾಗಿ ಬಿಟ್ಟೆ. ಒಂದು ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರಿತು. ಡುಮ್ಕಿ ಹೊಡೆದ ಗಣಿತವನ್ನು ಮತ್ತೆ ಬರೆದವಳಂತೆ ಸ್ಟೀರಿಂಗ್ ಸರಿಮಾಡಿ ಮತ್ತೆ ಆಕ್ಸಿಲರೇಟರ್ ಒತ್ತಿದೆ. ಆಗ ಮುಂದಿನ ಚಕ್ರ ಮಣ್ಣನ್ನು ಕಚ್ಚಿತು. ಕಚ್ಚಿ, ಗಾಡಿಯನ್ನೂ ನನ್ನನ್ನೂ ಎಳೆದುಕೊಂಡು ಹೋಯಿತು.

ಶೆಡ್ಡಿನ ಮುಂದೆ ಗ್ಲೆನಿಸ್ ಟ್ರಾಕ್ಟರ್ ಕೀ ಕೈಯಲ್ಲಿ ಹಿಡಿದೇ ನಿಂತಿದ್ದಳು. ಗಾಡಿ ಸುತ್ತಿ ಬಂದು ಕೇಳಿದಳು, "ಈ ಮುದುಕಿಯನ್ನು ನೋಡಿಕೊಳ್ಳುವವರು ಯಾರು?"

"ನಾನೇ."

ಕೀಯನ್ನು ಜೇಬಿಗೆ ಹಾಕಿದಳು. "ಹಾಗಾದರೆ ಒಳಗೆ ಬಾ. ಪಂಪುಗಳಲ್ಲೂ ಒಬ್ಬಳು ಮುದುಕಿ ಇದ್ದಾಳೆ."

ಮಧ್ಯಾಹ್ನ ಆಂಟಿಯ ಫೋನ್ ಬಂತು. "ಏನಮ್ಮಾ, ಒಪ್ಪಿದ್ರಾ?" "ಒಪ್ಪಿದ್ರು ಆಂಟಿ!" ಎಂದೆ.  ಆಂಟಿ ಅತ್ತರು, ನಿಜವಾಗಿ. ಅತ್ತು, ಕಣ್ಣೊರೆಸಿಕೊಂಡು, ಗ್ರೂಪಿಗೆ ಬರೆದರು: "ನಮ್ಮ ಹುಡುಗಿಯನ್ನು ಒಪ್ಪಿದರಂತೆ. ಎಲ್ಲರೂ ಹರಸಿ." ಗೊತ್ತಿಲ್ಲದೆ ಹಾಗೆ ಬರೆದರೋ, ಬೇಕೆಂದೇ ಬರೆದರೋ ದೇವರೇ ಬಲ್ಲ. ಹೂಗುಚ್ಛ, ಉಂಗುರ, ಆರತಿ ತಟ್ಟೆಗಳ ಚಿತ್ರಗಳು ಸುರಿದವು. "ಒಪ್ಪಿದ್ದು ಕೆಲಸಕ್ಕೆ, ಮದುವೆಗಲ್ಲ" ಎಂದು ತಿದ್ದಿ ಬರೆದೆ. ಅದರ ಕೆಳಗೆ ಯಾರೋ ಬರೆದರು: "ನಾಚ್ಕೋಬೇಡಮ್ಮ."

ಬಹಳ ಕಾಲ ಅದು ನನ್ನನ್ನು ಚುಚ್ಚಿತು. ಮನೆತನದ ಮೊದಲ ಇಂಜಿನಿಯರಿಗೆ ಕೆಲಸ ಸಿಕ್ಕಾಗ ಬಾರದ ಹೂವು, ಆಗದ ಮದುವೆಗೆ ಬುಟ್ಟಿಗಟ್ಟಲೆ ಬಂದಿತ್ತು. ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದೆ, ಹಬ್ಬು, ಶಾಫ್ಟು, ಲಾಕು ಎಂದು ಗಾಳಿಯಲ್ಲಿ ಚಿತ್ರ ಬರೆಯುತ್ತಿದ್ದೆ. ಪ್ರವೀಣನೇ ತನ್ನ ಮದುವೆಯ ದಿನ ನನ್ನನ್ನು ಹೆಂಡತಿಗೆ ಪರಿಚಯಿಸಿ, "ನನ್ನ ಬಿಳಿ ಅಂಗಿ ಕೊಂದವರು ಇವರೇ" ಎಂದು ನಕ್ಕ. ಹೆಂಡತಿಯೂ ನಕ್ಕಳು. ನಾನು ಅಲ್ಲೂ ಹಬ್ಬಿನ ಪಾಠ ಮಾಡಿದೆ.

ಮೊನ್ನೆ ಪೂಜೆ ಮುಗಿದು ಊಟದ ಸಾಲಿನಲ್ಲಿ ಕೂತಿದ್ದೆ. ಕಂಪನಿ ಮೆಲ್ಬರ್ನ್‌ನಲ್ಲಿ ಶಾಖೆ ತೆರೆದಾಗ ಅದನ್ನು ನೋಡಿಕೊಳ್ಳಲು ಗ್ಲೆನಿಸ್ ನನ್ನನ್ನೇ ಕಳಿಸಿದ್ದಳು. ನಾನೂ ನನ್ನ ಯೂಟೂ ಇಲ್ಲಿಗೆ ಬಂದದ್ದು ಹಾಗೆ. ಪಕ್ಕದಲ್ಲಿ ಕೂತ ವಯಸ್ಸಾದ ಆಂಟಿಯೊಬ್ಬರು ಸಿಡ್ನಿಯ ಹಳೆಯ ಗ್ರೂಪಿನವರು. ನನ್ನನ್ನು ಗುರುತಿಸಿ ಕೈ ಹಿಡಿದರು.

"ಒಬ್ಳೇ ಬಂದ್ಯೇನಮ್ಮ? ನಿಮ್ಮವರೆಲ್ಲಿ?"

ವಿವರಿಸಲು ಬಾಯಿ ತೆರೆದೆ. ಬಿಸಿ ಬಿಸಿ ಸಾರು ಬಂದಿತ್ತು, ಹಸಿವಾಗಿತ್ತು. ಆ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

"ಹೊರಗೆ ನಿಲ್ಲಿಸಿ ಬಂದಿದೀನಿ ಆಂಟಿ."

"ಅಯ್ಯಯ್ಯೋ, ಈ ಬಿಸಿಲಲ್ಲಾ? ಕರಿಯಮ್ಮ ಒಳಗೆ, ಇಲ್ಲೇ ಒಂದು ಎಲೆ ಹಾಕಿಸ್ತೀನಿ!"

"ಬೇಡ ಆಂಟಿ" ಎಂದೆ, "ಅವರದು ಬರೀ ಡೀಸೆಲ್."

ಆಂಟಿ ಮರುಕದಿಂದ ತಲೆಯಾಡಿಸಿದರು. "ಡಯಟ್ಟಾ? ಈಗಿನ ಗಂಡಸರೆಲ್ಲ ಹಾಗೇ ಬಿಡು" ಎಂದು, ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿಸಿದರು.