ಪಾಸಾದ ವರ

ಶಂಕ್ರೆಪ್ಪ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ ಎಂಬ ಸುಳ್ಳನ್ನು ಮೊದಲು ಹೇಳಿದವನು ಅವನಲ್ಲ, ಅವನ ಅಪ್ಪ. ಇಪ್ಪತ್ತು ವರ್ಷದ ಹಿಂದಿನ ಮಾತು. ಸಾರವಾಡದಿಂದ ತಿಕೋಟಾಕ್ಕೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿಯ ತಂದೆ, “ಹುಡುಗ ಎಷ್ಟು ಕಲತಾನ್ರಿ?” ಎಂದು ಕೇಳಿದರು. ಅಪ್ಪ ಚಹಾದ ಬಸಿ ಕೆಳಗಿಡದೆ, “ಎಸ್ಸೆಸ್ಸೆಲ್ಸಿ ಪಾಸ್ ಅದಾನ್ರಿ” ಅಂದುಬಿಟ್ಟ. ಪಕ್ಕದಲ್ಲಿ ಕೂತಿದ್ದ ಶಂಕ್ರೆಪ್ಪ ತಲೆ ಎತ್ತಲಿಲ್ಲ. ಗಣಿತದಲ್ಲಿ ಹದಿನಾಲ್ಕು, ಇಂಗ್ಲಿಷಿನಲ್ಲಿ ಹತ್ತೊಂಬತ್ತು ಬಂದು ಅವನು ಶಾಲೆ ಬಿಟ್ಟು ಆಗಲೇ ಎಂಟು ವರ್ಷವಾಗಿತ್ತು. ಇಲ್ಲ ಅನ್ನಲು ಒಂದು ಗಳಿಗೆ ಸಿಕ್ಕಿತ್ತು. ಅವನು ಸುಮ್ಮನಿದ್ದ.

ಮದುವೆಯಾಯಿತು. ಹೆಂಡತಿ ವಿಜಯಲಕ್ಷ್ಮೀ ಚುರುಕು ಹೆಣ್ಣು, ಮಾತು ಕಡಿಮೆ. ಬಬಲೇಶ್ವರದಲ್ಲಿ ಬಾಡಿಗೆ ಮನೆ ಹಿಡಿದರು. ಮಗಳು ಶಾಂಭವಿ ಹುಟ್ಟಿದಳು. ಓಣಿಯಲ್ಲಿ ಯಾರಿಗಾದರೂ ಸರಕಾರದ ಕಾಗದ ಬಂದರೆ ವಿಜಯಲಕ್ಷ್ಮೀ, “ನಮ್ಮ ಮನಿಯವ್ರಿಗೆ ತೋರಸ್ರಿ, ಅವ್ರು ಓದಿದವ್ರು” ಎಂದು ಕಳಿಸುವಳು. ಶಂಕ್ರೆಪ್ಪ ಓದಿ ಹೇಳುತ್ತಿದ್ದ. ಕನ್ನಡವೇನೂ ಅವನಿಗೆ ಕಷ್ಟವಿರಲಿಲ್ಲ. ಆದರೆ ಹಾಗೆ ಓದಿ ಹೇಳುವಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.

ತಿಕೋಟಾದ ಹೊರಗೆ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೆ ಕೆಲಸ. ಸೀಸನ್ನಿನಲ್ಲಿ ಸುತ್ತಲಿನ ಶೆಡ್ಡುಗಳಿಂದ ಪೆಟ್ಟಿಗೆ ಪೆಟ್ಟಿಗೆ ಮಾಲು ಬರುತ್ತಿತ್ತು. ಮೊದಲು ಅದನ್ನು ಹೊತ್ತ, ಆಮೇಲೆ ಯಾವ ರೈತನ ಮಾಲು ಯಾವ ಕೋಣೆಯಲ್ಲಿದೆ ಎಂದು ನೋಡಿಕೊಳ್ಳುವವನಾದ. ಹನ್ನೆರಡು ವರ್ಷದಲ್ಲಿ ಒಂದು ಪೆಟ್ಟಿಗೆಯೂ ಅದಲುಬದಲಾಗಿರಲಿಲ್ಲ. ಮೂರು ವರ್ಷದ ಹಿಂದೆ, ಮುಂಗಾರಿನ ಹೊತ್ತಿಗೆ, ಅಲ್ಲಿನ ಸೂಪರ್‌ವೈಸರ್ ಕೆಲಸ ಬಿಟ್ಟು ಹೋದ. ಮಾಲಕ ಅರುಣಕುಮಾರ ಶಂಕ್ರೆಪ್ಪನನ್ನು ಒಳಗೆ ಕರೆದ.

“ನಿನ್ನಽ ಮಾಡೂಣಂತ ಅದೀನಿ. ಮಾರ್ಕ್ಸ್ ಕಾರ್ಡ್ ತಗೊಂಡು ಬಾ. ಬ್ಯಾಂಕಿನವ್ರು, ವಿಮಾದವ್ರು ಎಲ್ಲಾರೂ ಕಾಗದ ಕೇಳ್ತಾರ.”

“ಹಳೇ ಮನಿಯಾಗ ಐತ್ರಿ ಮಾಲಕ್ರ. ಹುಡುಕಬೇಕು.”

“ಹುಡುಕು. ಸಿಗಲಿಲ್ಲಂದ್ರ ಡೂಪ್ಲಿಕೇಟ್ ತೆಗಸು. ಬರೂ ಬ್ಯಾಸಗಿ ಮುಗಿಯೂತನಕ ಆ ಕೆಲಸ ನಾನಽ ನೋಡ್ಕೋತೀನಿ.”

ಸುಳ್ಳು ಈಗ ಅಪ್ಪನದಾಗಿ ಉಳಿದಿರಲಿಲ್ಲ, ಅವನದೇ ಆಗಿತ್ತು. ಆ ವಾರ ಅವನು ವಿಜಯಪುರದ ಒಂದು ಝೆರಾಕ್ಸ್ ಅಂಗಡಿಗೆ ಹೋದ. ಅಲ್ಲಿ ನಕಲಿ ಮಾರ್ಕ್ಸ್ ಕಾರ್ಡು ಮಾಡಿಕೊಡುತ್ತಾರೆಂದು ಯಾರೋ ಹೇಳಿದ್ದರು. ಅಂಗಡಿಯವನು ಮುಖ ಕೂಡ ನೋಡದೆ, “ಯಾವ ಇಸವೀದು ಬೇಕ್ರಿ?” ಎಂದ, ಮಿರ್ಚಿ ಎಷ್ಟು ಬೇಕು ಎಂದು ಕೇಳಿದ ಹಾಗೆ. ಈಗ ಬಂದೆ ಎಂದು ಹೇಳಿ ಹೊರಬಿದ್ದವನು ಸಿದ್ಧೇಶ್ವರ ಗುಡಿಯತನಕ ನಡೆದೇ ಹೋದ, ಬೈಕು ಅಂಗಡಿಯ ಮುಂದೆಯೇ ಇದೆ ಎಂಬುದು ಅಲ್ಲಿ ಹೋದ ಮೇಲೆ ನೆನಪಾಯಿತು.

ಗುಡಿಯ ಹಿಂದಿನ ಓಣಿಯಲ್ಲಿ ಆನಂದೀಬಾಯಿ ಎಂಬ ನಿವೃತ್ತ ಶಿಕ್ಷಕಿ ರಾತ್ರಿಶಾಲೆ ನಡೆಸುತ್ತಿದ್ದರು. ಅದು ಅವನಿಗೆ ಮೊದಲೇ ಗೊತ್ತಿತ್ತು. ಪೆಟ್ಟಿಗೆ ಹೊರಲು ಬರುತ್ತಿದ್ದ ಒಬ್ಬ ಹಮಾಲ ಅಲ್ಲಿಯೇ ಓದಿ ಪಾಸಾಗಿ ಬೇರೆ ಕೆಲಸಕ್ಕೆ ಹೋಗಿದ್ದ. ಪಾತ್ರೆ ಅಂಗಡಿಯ ಮೇಲಿನ ಮಾಳಿಗೆ, ಕಲ್ಲಿನ ಮೆಟ್ಟಿಲು, ಒಂದು ಹಲಗೆ, ಹನ್ನೊಂದು ಜನ. ಆರೂವರೆಯಿಂದ ಎಂಟೂವರೆ.

“ಎಲ್ಲಿ ಬಿಟ್ಟಿದ್ದಿ?” ಎಂದು ಆನಂದೀಬಾಯಿ ಕೇಳಿದರು.

“ಹತ್ತನೇತ್ತೆ ಫೇಲ್ರಿ ಅಕ್ಕೋರ.”

ಇಪ್ಪತ್ತೈದು ವರ್ಷದಲ್ಲಿ ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿದ್ದ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಅಂಥವರೇ.

ಎಲ್ಲಾ ವಿಷಯಗಳನ್ನೂ ಹೊಸದಾಗಿ ಬರೆಯಬೇಕಿತ್ತು. ಖಾಸಗಿ ಅಭ್ಯರ್ಥಿ ಎಂದು ಫಾರ್ಮು ತುಂಬಿದ. ಮನೆಯಲ್ಲಿ ಮಾತ್ರ, “ಮಾಲು ಭಾಳ ಬಂದೈತಿ, ತಡಾ ಆಗ್ತೈತಿ” ಎಂದ. ಪುಸ್ತಕಗಳನ್ನು ಸ್ಟೋರೇಜಿನ ಕೋಟು ಇಡುವ ಕಪಾಟಿನಲ್ಲಿ ಮುಚ್ಚಿಟ್ಟ. ಮಧ್ಯಾಹ್ನ ರೊಟ್ಟಿ ತಿನ್ನುತ್ತ ಸಮಾಂತರ ಶ್ರೇಢಿಯ ಸೂತ್ರ ಬಾಯಿಪಾಠ ಮಾಡುತ್ತಿದ್ದ. ಪೆಟ್ಟಿಗೆಗಳನ್ನು ಸಾಲಿಗೆ ಎರಡೆರಡು ಕಡಿಮೆ ಮಾಡಿ ಒಟ್ಟುವುದು ಅವನ ದಿನದ ಕೆಲಸ. ಅದೇ ಲೆಕ್ಕ ಪುಸ್ತಕದಲ್ಲಿ ಅಕ್ಷರಗಳ ವೇಷ ಹಾಕಿಕೊಂಡು ಬಂದರೆ ಬೆವರು ಬರುತ್ತಿತ್ತು.

ದೀಪಾವಳಿ ದಾಟಿತು. ಮಾಲು ಬರುವ ಸೀಸನ್ ಅಲ್ಲದಿದ್ದರೂ ಗಂಡ ತಡವಾಗಿ ಬರುತ್ತಾನೆ ಎಂಬುದು ತಿಕೋಟಾದಲ್ಲೇ ಹುಟ್ಟಿದ ವಿಜಯಲಕ್ಷ್ಮೀಗೆ ತಿಳಿಯದ್ದೇನಲ್ಲ. ಅವಳು ಕೇಳಲಿಲ್ಲ, ನೋಡುತ್ತಿದ್ದಳು. ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಅವನಿಗೆ ಫೋನು ಬಂತು, ಅವಳೇ ಎತ್ತಿದಳು. ಹೆಣ್ಣಿನ ದನಿ.

“ಶಂಕ್ರೆಪ್ಪಣ್ಣ ಅದಾರೇನ್ರಿ? ನಾಳೆ ಆರಕ್ಕಽ ಬರಾಕ ಹೇಳ್ರಿ. ನಾ ಜೀನತ.”

ಜೀನತ ರಾತ್ರಿಶಾಲೆಯಲ್ಲಿ ಅವನ ಜೊತೆ ಓದುತ್ತಿದ್ದ, ನೈಟಿ ಹೊಲಿಯುವ ಹೆಣ್ಣುಮಗಳು. ಮರುದಿನ ಆನಂದೀಬಾಯಿ ಬೇಗ ಪಾಠ ಶುರು ಮಾಡುವವರಿದ್ದರು, ಅಷ್ಟೇ. ಶಂಕ್ರೆಪ್ಪ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ವಿಜಯಲಕ್ಷ್ಮೀ ಫೋನನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು.

“ಯಾರ್ರಿ ಜೀನತ?”

“ಪ್ಯಾಕಿಂಗಿಗೆ ಬರ್ತಾಳ. ಲೋಡ್ ಐತಿ ನಾಳೆ, ಅದಕ್ಕ…”

“ಹೌದಾ,” ಎಂದಳು. ಫೋನನ್ನು ಅವನ ಕೈಗೆ ಕೊಡದೆ ಗೂಡಿನಲ್ಲಿಟ್ಟಳು. ಅಂದಿನಿಂದ ಅವಳು ಅವನ ಅಂಗಿ ಒಗೆಯುವ ಮೊದಲು ಜೇಬು ನೋಡಲು ಶುರುಮಾಡಿದ್ದು ಅವನಿಗೆ ಗೊತ್ತಾಯಿತು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದ. ಪಾಸಾದ ಮೇಲೆ ಹೇಳಿದರೆ ಸುಳ್ಳು ಅರ್ಧ ಕರಗುತ್ತದೆ ಎಂಬ ಆಸೆ ಅವನ ಬಾಯಿ ಮುಚ್ಚಿಸುತ್ತಿತ್ತು.

ಮಾರ್ಚ್ ಕೊನೆಗೆ ಪರೀಕ್ಷೆ ಬಂತು. ವಿಜಯಪುರದ ಒಂದು ಹೈಸ್ಕೂಲು ಕೇಂದ್ರವಾಗಿತ್ತು. ಕನ್ನಡ, ಇಂಗ್ಲಿಷ್ ಮುಗಿದವು. ಗಣಿತದ ದಿನ ಬೆಳಿಗ್ಗೆ ಅವನು ಏಳನೇ ನಂಬರ್ ಕೋಣೆಯಲ್ಲಿ, ಎರಡನೇ ಸಾಲಿನ ಬೆಂಚಿನಲ್ಲಿ, ಮೊಣಕಾಲು ಹಲಗೆಗೆ ತಾಗುವಂತೆ ಮುದುಡಿಕೊಂಡು ಕೂತಿದ್ದ. ಸುತ್ತಲೂ ಇನ್ನೂ ಮೀಸೆ ಮೂಡದ ಹುಡುಗರು. ಉತ್ತರಪತ್ರಿಕೆಯ ಕಟ್ಟು ಹಿಡಿದು ಕೊಠಡಿ ಮೇಲ್ವಿಚಾರಕ ಒಳಗೆ ಬಂದ.

ಸಿದ್ದಲಿಂಗೇಶ. ವಿಜಯಲಕ್ಷ್ಮೀಯ ತಮ್ಮ.

ಅವನು ಬೇರೆ ತಾಲೂಕಿನ ಸರಕಾರಿ ಶಾಲೆಯಲ್ಲಿ ಮಾಸ್ತರ. ಹಿಂದಿನ ಎರಡು ದಿನ ಈ ಕೇಂದ್ರದಲ್ಲಿ ಅವನು ಇರಲಿಲ್ಲ. ಶಂಕ್ರೆಪ್ಪನ ಕಣ್ಣು ಬಾಗಿಲಿಗೆ ಹೋಯಿತು. ಎದ್ದು ಹೊಟ್ಟೆನೋವು ಎಂದು ಹೊರಗೆ ನಡೆದರೆ ಮುಗಿಯಿತು. ಸಿದ್ದಲಿಂಗೇಶ ಮೊದಲ ಸಾಲಿನಲ್ಲಿ ಒಬ್ಬೊಬ್ಬರ ಹಾಲ್ ಟಿಕೆಟ್ ನೋಡಿ ಸಹಿ ಮಾಡುತ್ತ ಬರುತ್ತಿದ್ದ. ನಾಲ್ಕು ಬೆಂಚು. ಮೂರು. ಶಂಕ್ರೆಪ್ಪ ಬೆಂಚಿನ ಅಂಚು ಹಿಡಿದುಕೊಂಡ. ಎದ್ದರೆ ಮತ್ತೊಂದು ಸುಳ್ಳು ಹೇಳಬೇಕು, ಅದಕ್ಕೆ ಇನ್ನೊಂದು. ಅವನು ಏಳಲಿಲ್ಲ.

ಸಿದ್ದಲಿಂಗೇಶ ಟಿಕೆಟ್ಟಿನ ಫೋಟೋ ನೋಡಿದ, ಮುಖ ನೋಡಿದ. “ಮಾ…” ಎಂದವನು ಅಲ್ಲಿಗೇ ನಿಂತ. ಪೆನ್ನು ಹಾಗೇ ಕಾಗದದ ಮೇಲಿತ್ತು. ಸಹಿ ಮಾಡಲಿಲ್ಲ. ಕಟ್ಟನ್ನು ಮೇಜಿನ ಮೇಲಿಟ್ಟು, ಹೊರಗಿದ್ದ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, ಹೊರಟುಹೋದ. ಐದು ನಿಮಿಷಕ್ಕೆ ಬೇರೊಬ್ಬ ಶಿಕ್ಷಕಿ ಬಂದು ಉಳಿದವರ ಟಿಕೆಟ್ ನೋಡಿದರು.

ಎಲ್ಲಿಗೆ ಹೋದ? ಯಾರಿಗೆ ಫೋನು ಮಾಡಿದ? ಮೂರು ತಾಸು ಶಂಕ್ರೆಪ್ಪನಿಗೆ ಅದೊಂದೇ. ಪ್ರಶ್ನೆಪತ್ರಿಕೆಯ ಗೆರೆಗಳು ಒಂದರ ಮೇಲೊಂದು ಹತ್ತಿದವು. ಬರುತ್ತಿದ್ದ ಲೆಕ್ಕವನ್ನೇ ಎರಡು ಸಲ ಹೊಡೆದುಹಾಕಿದ. ಪ್ರಮೇಯವೊಂದನ್ನು ಅರ್ಧ ಬರೆದು, ಮುಂದೆ ಏನೆಂಬುದು ಹೊಳೆಯದೆ, ಆಕೃತಿಯ ಗೆರೆಯನ್ನೇ ತಿದ್ದುತ್ತ ಕೂತ. ಗಂಟೆ ಹೊಡೆಯಿತು.

ಗೇಟಿನ ಬಳಿ ಬೇವಿನ ಮರದ ಕೆಳಗೆ ಸಿದ್ದಲಿಂಗೇಶ ಕಾಯುತ್ತಿದ್ದ.

“ಮಾಮಾ, ಆ ಕೋಣೆಯಾಗ ನಮ್ಮ ಸಂಬಂಧಿಕರು ಅದಾರ, ನನ್ನ ಬ್ಯಾರೆ ಕಡೆ ಹಾಕ್ರಿ ಅಂತ ಬರದು ಕೊಟ್ಟೀನಿ. ಅದು ನಿಯಮ. ಮತ್ತೇನೂ ಹೇಳಿಲ್ಲ.”

“ವಿಜೂಗ?”

“ಫೋನ್ ಮಾಡಿಲ್ಲ. ಆದ್ರ ಅಕ್ಕನ ಮುಂದ ಸುಳ್ಳ ಹೇಳಾಕ ನನ್ನ ಕೈಲಿ ಆಗಂಗಿಲ್ಲ. ನಾಳೆ ಸಂಜಿಕ ನಾ ನಿಮ್ಮ ಮನಿಗೆ ಬರ್ತೀನಿ. ಅಷ್ಟರಾಗ ನೀವಽ ಹೇಳ್ರಿ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಶಂಕ್ರೆಪ್ಪನಿಗೆ ಹೆಚ್ಚು ಚುಚ್ಚಿತು.

ಬಬಲೇಶ್ವರ ಮುಟ್ಟಿದಾಗ ವಿಜಯಲಕ್ಷ್ಮೀ ರೊಟ್ಟಿ ಬಡಿಯುತ್ತಿದ್ದಳು. ಶಾಂಭವಿ ಟ್ಯೂಶನ್ನಿಗೆ ಹೋಗಿದ್ದಳು. ಶಂಕ್ರೆಪ್ಪ ಹಾಲ್ ಟಿಕೆಟ್ಟನ್ನು ಅವಳ ಮುಂದೆ ನೆಲದ ಮೇಲಿಟ್ಟ. ಎಲ್ಲವನ್ನೂ ಹೇಳಿದ. ಅಪ್ಪನ ಮಾತು, ಹದಿನಾಲ್ಕು ಅಂಕ, ಆನಂದೀಬಾಯಿಯ ರಾತ್ರಿಶಾಲೆ, ಜೀನತ, ಇವತ್ತು ಸಿದ್ದಲಿಂಗೇಶ.

ಅವಳು ಹಿಟ್ಟಿನ ಕೈಯಲ್ಲೇ ಉಸಿರು ಬಿಟ್ಟಳು. “ಇಷ್ಟಽ ಏನ್ರಿ? ನಾ ಏನೇನೋ ತಿಳ್ಕೊಂಡಿದ್ದೆ.” ನಕ್ಕಳು ಕೂಡ. ಶಂಕ್ರೆಪ್ಪನಿಗೆ ಜೀವ ಬಂದಂತಾಯಿತು. ಅವಳು ಮತ್ತೆ ರೊಟ್ಟಿಗೆ ಕೈ ಹಾಕಿದಳು. ಎರಡು ಸಲ ಬಡಿದಳು. ಆಮೇಲೆ ಕೈ ನಿಂತಿತು.

“ಅಂದ್ರ ಅವತ್ತು ನೀವು ಪಾಸಾಗಿದ್ದಿಲ್ಲ.”

“ಇಲ್ಲ.”

“ನಾ ಹತ್ತನೇತ್ತೆ ಇದ್ದೆ. ನಿಮಗ ಗೊತ್ತೈತಿ.”

“ಗೊತ್ತೈತಿ.”

“ಯಾಕ ಬಿಟ್ಟೆ, ಗೊತ್ತೈತೇನು?” ಅವಳು ಅವನ ಕಡೆ ನೋಡುತ್ತಿರಲಿಲ್ಲ, ಹಂಚಿನ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ನೋಡುತ್ತಿದ್ದಳು. “ನನ್ನ ಹಾಲ್ ಟಿಕೆಟ್ ಬಂದಿತ್ತು. ಪರೀಕ್ಷಾ ಮುಗೀಲಿ, ಆಮ್ಯಾಲೆ ಲಗ್ನ ಅಂದ ನಮ್ಮಪ್ಪ. ನಿಮ್ಮಪ್ಪ ಬಂದು, ‘ನಮ್ಮ ಹುಡುಗ ಪಾಸಾದವ, ಬ್ಯಾರೆ ಕಡೆಯಿಂದ ಕೇಳಾಕತ್ತಾರ’ ಅಂದ. ನಮ್ಮಪ್ಪ ಹೆದರಿದ. ಓದಿದ ಹುಡುಗ ಮತ್ತ ಸಿಗಂಗಿಲ್ಲವ್ವಾ ಅಂತ ನನ್ನ ಮುಂದ ಕೈ ಮುಗದ. ನಾ ಒಂದು ಮಾತ ಆಡಲಿಲ್ಲ. ಯಾಕಂದ್ರ ನೀವು ಓದಿದವ್ರು.”

ಶಂಕ್ರೆಪ್ಪನಿಗೆ ಇದು ಗೊತ್ತಿರಲಿಲ್ಲ. ಹದಿನೇಳು ವರ್ಷ ಅವನು ತನ್ನ ಸುಳ್ಳಿನಿಂದ ತನಗೊಬ್ಬನಿಗೇ ತೊಂದರೆ ಎಂದು ನಂಬಿದ್ದ.

ಅಳು ಇಲ್ಲ, ಜಗಳ ಇಲ್ಲ. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಊಟದ ಗಂಗಾಳ ಶಾಂಭವಿಯ ಕೈಯಲ್ಲಿ ಬರುತ್ತಿತ್ತು. ಮರುದಿನ ಸಿದ್ದಲಿಂಗೇಶ ಬಂದು ಅಕ್ಕನ ಮುಖ ನೋಡಿ, ಚಹಾ ಕುಡಿದು, ಹೊರಟುಹೋದ. ಇನ್ನೂ ವಿಜ್ಞಾನದ ಪೇಪರಿತ್ತು. ಆ ಬೆಳಿಗ್ಗೆ ಶಂಕ್ರೆಪ್ಪ ಎದ್ದು ಕಟ್ಟೆಯ ಮೇಲೆ ಕೂತೇ ಇದ್ದ. ಎಂಟು ಹೊಡೆಯಿತು. ಅಂಗಿ ಹಾಕಿಕೊಂಡಿರಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ. ವಿಜಯಲಕ್ಷ್ಮೀ ಕೊಡ ಹಿಡಿದು ಹೊರಗೆ ಬಂದವಳು ಅವನ ಮುಂದೆ ನಿಂತಳು.

“ಯಾಕ ಕುಂತೀರಿ?”

“ಏನ ಮಾಡಲಿ ಹೋಗಿ.”

“ನನ್ನ ಪರೀಕ್ಷಾ ತಪ್ಪಸೀರಿ. ಈಗ ನಿಮ್ಮದೂ ತಪ್ಪಸ್ಕೋತೀರೇನು? ಏಳ್ರಿ!”

ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ಓಣಿ ಕೇಳಿರಲಿಲ್ಲ. ಅವನು ಎದ್ದ. ಸಾರವಾಡ ದಾಟುವಾಗ ಬೈಕಿನ ಮೇಲೆ ಒಬ್ಬನೇ ಅತ್ತ.

ಅರುಣಕುಮಾರನಿಗೂ ಅವನು ತಾನಾಗಿಯೇ ನಿಜ ಹೇಳಿದ, ಫಲಿತಾಂಶಕ್ಕೆ ಕಾಯಲಿಲ್ಲ. ಮಾಲಕ, “ಹುಡುಕ್ತೀನಿ ಅಂತ ನನ್ನ ಮುಂದಽ ನಿಂತು ಹೇಳಿದ್ದೆಲ್ಲೋ” ಎಂದ. ಕೆಲಸದಿಂದ ತೆಗೆಯಲಿಲ್ಲ. ಆದರೆ ಸೂಪರ್‌ವೈಸರ್ ಜಾಗಕ್ಕೆ ಬೇರೆಯವನನ್ನು ತಂದ. ಫಲಿತಾಂಶ ಬಂದಾಗ ಶಂಕ್ರೆಪ್ಪ ಗಣಿತದಲ್ಲಿ ಆರು ಅಂಕದಿಂದ ಫೇಲಾಗಿದ್ದ. ಅದೇ ವರ್ಷದ ಎರಡನೇ ಪರೀಕ್ಷೆಗೆ ಕೂತ, ಪಾಸಾದ. ಕಾರ್ಡು ಕೈಗೆ ಬಂದ ದಿನ ಅದನ್ನು ತೋರಿಸಲು ಮನೆಯಲ್ಲಿ ಯಾರ ಮುಂದೆ ಹಿಡಿಯಬೇಕೆಂದು ತಿಳಿಯದೆ ದೇವರ ಜಗಲಿಯ ಮೇಲಿಟ್ಟ.

ಜುಲೈ ಕೊನೆಯ ವಾರ ವಿಜಯಲಕ್ಷ್ಮೀ ಕೇಳಿದಳು, “ಆ ಅಕ್ಕೋರ ಸಾಲಿ ಎಲ್ಲಿ ಐತಿ?”

ಅವನು ಬೈಕಿನಲ್ಲಿ ಕರೆದುಕೊಂಡು ಹೋದ. ಪಾತ್ರೆ ಅಂಗಡಿಯ ಮುಂದೆ ಇಳಿದು, “ನೀವು ಇಲ್ಲೇ ಇರ್ರಿ” ಎಂದು ಹೇಳಿ, ಸೆರಗು ಸರಿಮಾಡಿಕೊಂಡು ಒಬ್ಬಳೇ ಮೆಟ್ಟಿಲು ಹತ್ತಿದಳು. ಅಂದಿನಿಂದ ಸಂಜೆಯ ಅಡುಗೆ ಶಂಕ್ರೆಪ್ಪನದಾಯಿತು. ರೊಟ್ಟಿ ಬಡಿಯಲು ಬಾರದೆ ಅನ್ನ ಸಾರು ಮಾಡುತ್ತಿದ್ದ. ಅವಳು ಬೇಕಾದಷ್ಟೇ ಮಾತಾಡುವಳು, ಬೈಕಿನ ಹಿಂದೆ ನಡುವೆ ಚೀಲ ಇಟ್ಟುಕೊಂಡು ಕೂರುವಳು. ಕ್ಷಮಿಸು ಎಂದು ಅವನು ಕೇಳಿದಾಗ, “ಅದರ ಮಾತು ಈಗ ಬ್ಯಾಡ್ರಿ” ಎಂದಿದ್ದಳು.

ಶ್ರಾವಣ ಕಳೆದ ಮೇಲೆ ಒಂದು ಸಂಜೆ ಪಾಠವಿರಲಿಲ್ಲ. ಅವಳು ಪಡಸಾಲೆಯಲ್ಲಿ ಪುಸ್ತಕ ಹರಡಿಕೊಂಡು ಬಹಳ ಹೊತ್ತು ಒಂದೇ ಪುಟದ ಮೇಲೆ ಕೂತಿದ್ದಳು. ಆಮೇಲೆ ನೋಟುಬುಕ್ಕನ್ನು ಅವನ ಕಡೆ ಸರಿಸಿದಳು.

“ಇದೊಂದು ಹೇಳಿಕೊಡ್ರಿ.”

ಶಂಕ್ರೆಪ್ಪ ಕೈ ಒರೆಸಿಕೊಂಡು ಬಂದು ಕೂತ. ಹಂತ ಹಂತವಾಗಿ ಬರೆದ. ಅವಳು ಬಗ್ಗಿ ನೋಡುತ್ತಿದ್ದವಳು ಮೂರನೇ ಗೆರೆಯ ಮೇಲೆ ಪೆನ್ನಿಟ್ಟಳು.

“ಇಲ್ಲಿ ತಪ್ಪೈತ್ರಿ. ಮೈನಸ್ ಬರಬೇಕು.”

ಅವನು ನೋಡಿದ. ಹೌದು, ತಪ್ಪಿತ್ತು. ಅವಳೇ ಆ ಗೆರೆ ಹೊಡೆದುಹಾಕಿ, ಉಳಿದದ್ದನ್ನು ಸರಸರ ಬಿಡಿಸಿದಳು.

ಮುಂದಿನ ಮಾರ್ಚಿನಲ್ಲಿ ವಿಜಯಲಕ್ಷ್ಮೀ ಮೊದಲ ಸಲಕ್ಕೇ ಪಾಸಾದಳು. ಈಗ ಪಿಯುಸಿಗೆ ಹೆಸರು ಹಚ್ಚಿದ್ದಾಳೆ.