ಸಾಲಿಗ್ರಾಮದ ಸ್ನಾನ

ನೆಲದಡಿ ರೈಲಿನ ಸುರಂಗ ಕೊರೆಯುವಾಗ ಮೇಲಿನ ಮನೆಗಳು ಎಷ್ಟು ಅದುರುತ್ತವೆ ಎಂದು ಯಂತ್ರ ಇಟ್ಟು ನೋಡುವುದು ನನ್ನ ಕೆಲಸ. ಮೈಲಾಪೂರಿನ ಹಳೆಯ ಮನೆಯೊಂದಕ್ಕೆ ಹೋದಾಗ, ಮನೆಯ ಯಜಮಾನರಾದ ಕನ್ನಡದ ರಾಯರು ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದರು. ಕಲ್ಲು ಓದಿದವನ ಕೈ ಸುಮ್ಮನಿರುತ್ತದೆಯೇ? ಎತ್ತಿ ನೋಡಲು ಚಾಚಿಯೇಬಿಟ್ಟೆ.

"ಐಯ್ಯಯ್ಯೋ, ಮುಟ್ಟಬೇಡಪ್ಪಾ, ಮಡಿ!" ಎಂದು ಕೂಗಿದರು.

ಮುಜುಗರ ಮುಚ್ಚಿಕೊಳ್ಳಲು ಪಾಠ ಶುರುಮಾಡಿದೆ. "ಇದರೊಳಗಿನ ಚಕ್ರ ಒಂದು ಕಡಲಜೀವಿಯ ಚಿಪ್ಪಿನ ಅಚ್ಚು, ರಾಯರೇ. ಈ ಕಲ್ಲು ಸಿಗುವ ಹಿಮಾಲಯ ಇರುವಲ್ಲಿ ಹಿಂದೆ ಸಮುದ್ರವಿತ್ತು. ಎರಡು ಭೂಖಂಡ ಡಿಕ್ಕಿ ಹೊಡೆದು ಕಡಲತಳವೇ ಬೆಟ್ಟವಾಗಿ ಎದ್ದಿತು."

ಹೇಳಿದ ಮೇಲೆ ಹೊಳೆಯಿತು: ದೇವರನ್ನೇ ಚಿಪ್ಪು ಅಂದುಬಿಟ್ಟಿದ್ದೆ. ಯಂತ್ರದ ಸಮೇತ ಹೊರಗೆ ಕಳಿಸುತ್ತಾರೆ ಅಂದುಕೊಂಡೆ.

ರಾಯರು ನೀರೆರೆಯುವುದನ್ನು ನಿಲ್ಲಿಸಲೇ ಇಲ್ಲ. "ಅವನು ಸಮುದ್ರದಲ್ಲಿ ಮಲಗಿದ್ದ ಅಂತ ನಾವೂ ಹೇಳೋದು ಅದನ್ನೇ. ಪರವಾಯಿಲ್ಲೆ, ನೀನು ಓದಿದ್ದು ವೇಸ್ಟ್ ಆಗಿಲ್ಲ," ಎಂದು ನನ್ನ ಕೈಗೆ ತೀರ್ಥ ಹಾಕಿದರು.

ಕಡಲು ಬಿಟ್ಟು ಕೋಟ್ಯಂತರ ವರ್ಷವಾದರೂ ಆ ಜೀವಿಗೆ ಒಂದು ದಿನವೂ ಸ್ನಾನ ತಪ್ಪಿಲ್ಲ. ನೀರಿನ ಲಾರಿ ಬಾರದ ದಿನ ತಪ್ಪುವುದು ಇದೇ ಊರಿನ ಅಡ್ಯಾರಿನಲ್ಲಿರುವ ನನಗೆ ಮಾತ್ರ.