ಟೇಬಲ್ಲು ‘ಕೀಂ’ ಅನ್ನುವವರೆಗೆ

ಹೈದರಾಬಾದಿನ ಕೂಕಟ್‌ಪಲ್ಲಿಯ ಓಣಿಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಕಂಪ್ಯೂಟರ್ ಅಂಗಡಿಯೊಂದರ ಅರ್ಧ ಎತ್ತಿದ ಶಟರಿನ ಹಿಂದೆ ಮಂದಾಕಿನಿಬಾಯಿ ಗರಗರ ಎನ್ನುವ ಸೀಲಿಂಗ್ ಫ್ಯಾನ್ ಆರಿಸಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ಎದುರಿನ ಮರದ ಟೇಬಲ್ಲಿನ ಮೇಲೆ ಮದರ್‌ಬೋರ್ಡ್ ಒಂದು ನೀರೆರೆಯಲು ಮಲಗಿಸಿದ ಕೂಸಿನಂತೆ ಬರಿಮೈಯಲ್ಲಿದೆ. ಅದು ಕೂರಬೇಕಾದ ತಗಡಿನ ಪೆಟ್ಟಿಗೆ, ಕ್ಯಾಬಿನೆಟ್, ಇನ್ನೂ ನೆಲದ ಮೇಲೆ ಖಾಲಿ. ಅವರು ಬಟನ್ನಿನ ಬದಲು ಸ್ಕ್ರೂಡ್ರೈವರಿನ ತುದಿಯನ್ನು ಬೋರ್ಡಿನ ಎರಡು ಪಿನ್ನುಗಳಿಗೆ ತಾಗಿಸುತ್ತಾರೆ.

‘ಕೀಂ.’

“ಜೀವ ಐತಿ,” ಎಂದು ಉಸಿರು ಬಿಡುತ್ತಾರೆ.

ಇದು ಮೆಹದಿಪಟ್ಟಣಂನ ಒಂದು ರಕ್ತ ತಪಾಸಣೆ ಲ್ಯಾಬಿಗೆ ಹೋಗಬೇಕಾದ ಕಂಪ್ಯೂಟರು. ಹಳೆಯದು ನಿನ್ನೆ ಸಂಜೆ ಸತ್ತಿದೆ; ಕಂಪ್ಯೂಟರಿನಲ್ಲಿ ಹೆಸರು ದಾಖಲಾಗದೆ ಅಲ್ಲಿ ರಕ್ತ ತೆಗೆಯುವಂತಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ಸಕ್ಕರೆ ಕಾಯಿಲೆಯವರು ಲ್ಯಾಬಿನ ಬಾಗಿಲಲ್ಲಿ ಜಮಾಯಿಸಿದ್ದಾರೆ. ಅವರ ಸಿಟ್ಟಿಗೆ ಹೆದರಿ ಆ ಬೀದಿಯಲ್ಲಿ ಬಸ್ಸುಗಳೂ ಹಾರ್ನ್ ಹಾಕುತ್ತಿಲ್ಲವಂತೆ. ಲ್ಯಾಬಿನ ವಿಠಲ ಮತ್ತೆ ಮತ್ತೆ ಫೋನ್ ಮಾಡುತ್ತಾನೆ: “ಅಕ್ಕಾರ, ಜಲ್ದಿ ಮಾಡ್ರಿ! ಚಹಾ ಇಲ್ಲಂತ ಇವರು ನನ್ನ ರಕ್ತನ ಕುಡ್ಯಾಕತ್ತಾರ!”

ಬೀದರಿನಿಂದ ಮದುವೆಯಾಗಿ ಬಂದ ಮಂದಾಕಿನಿಬಾಯಿ ಮೊದಲು ಈ ಅಂಗಡಿಯಲ್ಲಿ ರಿಪೇರಿಗೆ ಬಂದ ಬೋರ್ಡುಗಳ ಧೂಳು ಹೊಡೆಯುತ್ತಿದ್ದರು. ನೋಡಿ ನೋಡಿ ಕಲಿತರು. ಈಗ ದಿನಕ್ಕೆ ಏಳೆಂಟು ಮಷೀನು ಅವರ ಕೈ ದಾಟಿ ಹೋಗುತ್ತವೆ. ಪ್ರತಿಯೊಂದೂ ಮೊದಲು ಟೇಬಲ್ ಮೇಲೆ ಏರಬೇಕು, ‘ಕೀಂ’ ಅನ್ನಬೇಕು, ಆಮೇಲೆ ಕ್ಯಾಬಿನೆಟ್ಟು. ರೇಷ್ಮೆ ಸೀರೆ ಉಜ್ಜಿ ಕರೆಂಟು ಕೂತು ಬೋರ್ಡು ಸುಟ್ಟೀತೆಂದು ಹಬ್ಬಕ್ಕೂ ನೂಲಿನ ಸೀರೆ. ಅವರ ಕಿವಿಯ ಬಗ್ಗೆ ಓಣಿಯಲ್ಲಿ ಕತೆಗಳಿವೆ: ಯಾವ ಮಹಡಿಯ ಕುಕ್ಕರ್ ಕೂಗಿತು, ಅದರಲ್ಲಿ ಬೇಳೆಯೋ ಅಕ್ಕಿಯೋ, ಎಲ್ಲ ಹೇಳುತ್ತಾರಂತೆ. ಟೇಬಲ್ಲು ನಿಜಾಮರ ಕಾಲದ್ದಂತೆ. ಹಾಗೆ ಹೇಳಿಕೊಳ್ಳದ ಹಳೆಯ ಟೇಬಲ್ಲು ಹೈದರಾಬಾದಿನಲ್ಲಿ ಇನ್ನೂ ಸಿಕ್ಕಿಲ್ಲ. ಅದರ ಒಂದು ಕಾಲಿನಡಿ ರಟ್ಟು ಮಡಚಿಟ್ಟಿದೆ.

ಅಂಗಡಿಯ ಮಾಲೀಕ ದತ್ತಾತ್ರೇಯರ ಕಣ್ಣು ಆ ಟೇಬಲ್ಲಿನ ಜಾಗದ ಮೇಲಿದೆ. ಅಲ್ಲಿ ಮೊಬೈಲ್ ಕವರುಗಳ ಶೋಕೇಸ್ ಇಡಬೇಕೆಂದು ಇವತ್ತೂ ಪಕ್ಕದಲ್ಲೇ ಬಂದು ನಿಂತಿದ್ದಾರೆ. “ನೇರ ಕ್ಯಾಬಿನೆಟ್ಟಿಗೆ ಹಾಕಿದ್ರ ಅದೇನ್ ಅಳ್ತೈತೇನ್ರಿ? ಇವತ್ತ ಇದು ಕೈಕೊಟ್ಟಿತಂದ್ರ ನಿಮ್ಮ ಟೇಬಲ್ ಗುಜರಿಗೆ!”

ಮಂದಾಕಿನಿಬಾಯಿ ಬೋರ್ಡನ್ನು ಕ್ಯಾಬಿನೆಟ್ಟಿಗೆ ಕೂರಿಸಿ, ಸ್ಕ್ರೂ ಬಿಗಿದು, ಬಟನ್ ಒತ್ತುತ್ತಾರೆ.

ಏನೂ ಇಲ್ಲ. ಕಂಪ್ಯೂಟರಿನೊಳಗಿನ ಪುಟ್ಟ ಫ್ಯಾನು ಮಿಸುಕುವುದೂ ಇಲ್ಲ.

ಮತ್ತೆ ಒತ್ತುತ್ತಾರೆ. ಇಲ್ಲ. ವಿಠಲನ ಫೋನ್ ಬಡಿದುಕೊಳ್ಳುತ್ತದೆ.

“ನೋಡ್ರಿ, ನಿಮ್ಮ ಟೇಬಲ್ ಸುಳ್ಳು ಹೇಳ್ತು!” ದತ್ತಾತ್ರೇಯರ ಸ್ವರದಲ್ಲಿ ಶೋಕೇಸು ಆಗಲೇ ಬಂದು ಕೂತಿದೆ.

ಮಂದಾಕಿನಿಬಾಯಿ ಫೋನನ್ನು ಬದಿಗೆ ಸರಿಸುತ್ತಾರೆ. ಬಿಗಿದ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಬೋರ್ಡನ್ನು ಮತ್ತೆ ಟೇಬಲ್ಲಿಗೆ ಏರಿಸುತ್ತಾರೆ. ಸ್ಕ್ರೂಡ್ರೈವರ್ ತಾಗಿಸುತ್ತಾರೆ. ‘ಕೀಂ.’

ಹಾಗಾದರೆ ರೋಗ ಬೋರ್ಡಿನದಲ್ಲ. ಟಾರ್ಚ್ ಹಿಡಿದು ಖಾಲಿ ಕ್ಯಾಬಿನೆಟ್ಟಿನೊಳಗೆ ಬಗ್ಗುತ್ತಾರೆ. ಬೋರ್ಡು ಕೂರುವ ಹಿತ್ತಾಳೆಯ ಪುಟ್ಟ ಕಾಲುಗಳ ನಡುವೆ, ಬೋರ್ಡಿನಲ್ಲಿ ಸ್ಕ್ರೂ ತೂತಿಲ್ಲದ ಕಡೆ, ಹೆಚ್ಚಿನದೊಂದು ನಿಂತಿದೆ. ಬೋರ್ಡಿನ ಬೆನ್ನಿಗೆ ಚುಚ್ಚಿ ಶಾರ್ಟ್ ಮಾಡಿದ್ದು ಅದೇ. ನಸುಕಿನಲ್ಲಿ, ವಿಠಲನ ಫೋನಿಗೆ ಕಿವಿ ಕೊಟ್ಟು ಅದನ್ನು ಕೂರಿಸಿದವರು ಸ್ವತಃ ಮಂದಾಕಿನಿಬಾಯಿ.

ತಪ್ಪನ್ನು ಕ್ಯಾಬಿನೆಟ್ ಕಂಪನಿಯ ತಲೆಗೆ ಕಟ್ಟಬಹುದಿತ್ತು. ಅವರು ಆ ಕಾಲನ್ನು ಬಿಚ್ಚಿ ಮಾಲೀಕರ ಅಂಗೈಯಲ್ಲಿಡುತ್ತಾರೆ. “ಟೇಬಲ್ ಖರೇ ಹೇಳೈತ್ರಿ ಮಾಲಕ್ರ. ತಪ್ಪು ನಂದು. ತೆಗಿಯೂದಿದ್ರ ನನ್ನ ತೆಗೀರಿ, ಅದನ್ನ ಬಿಡ್ರಿ.”

ದತ್ತಾತ್ರೇಯರು ಹಿತ್ತಾಳೆಯ ತುಂಡನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಾರೆ. ಮಂದಾಕಿನಿಬಾಯಿ ಬೋರ್ಡನ್ನು ಮತ್ತೆ ಕೂರಿಸುತ್ತಾರೆ; ಈ ಸಲ ಬಟನ್ ಒತ್ತಿದ ಕೂಡಲೇ ಕ್ಯಾಬಿನೆಟ್ಟಿನೊಳಗಿಂದ ‘ಕೀಂ’. ಕಂಪ್ಯೂಟರು ಆಟೋ ಏರಿ ಹೋಗುತ್ತದೆ. ಎಷ್ಟೋ ಹೊತ್ತಿನ ಮೇಲೆ ವಿಠಲನ ಫೋನು: ಎಲ್ಲರೂ ರಕ್ತ ಕೊಟ್ಟು ಚಹಾಕ್ಕೆ ಓಡಿದ್ದಾರೆ.

“ಸೋಮವಾರ ಬಡಿಗ್ಯಾ ಬರ್ತಾನ,” ಎನ್ನುತ್ತಾರೆ ದತ್ತಾತ್ರೇಯರು.

ಮಂದಾಕಿನಿಬಾಯಿಯ ಕೈ ಟೇಬಲ್ಲಿನ ಅಂಚನ್ನು ಹಿಡಿಯುತ್ತದೆ.

“ಒಯ್ಯಾಕ ಅಲ್ರಿ ಬಾಯಾರ. ಅದರ ಕಾಲು ಅಲುಗಾಡ್ತೈತಲ್ಲ, ಗಟ್ಟಿ ಮಾಡ್ಸೂಣು.”

“ಕಾಲಿಗೆ ರಟ್ಟು ಐತಿ, ಸಾಕು,” ಎನ್ನುತ್ತಾರೆ ಅವರು, ತಲೆಯೆತ್ತಿ. “ಆ ಗರಗರ ಅನ್ನೂ ಫ್ಯಾನಿಗೆ ಒಂದೀಟು ಎಣ್ಣಿ ಹಾಕಸ್ರಿ. ಕೀಂ ಅನ್ನೂದು ಕೇಳಬೇಕಲ್ರಿ ನಮಗ.”